ಮಾತು ಬಿಟ್ಟ ಕಣ್ಣುಗಳು

ನಮ್ಮ ಮಾಮಾನ ಎರಡು ಕಣ್ಣುಗಳು ಮೂರು ವರ್ಷ ಒಂದರ ಜೊತೆ ಒಂದು ಮಾತು ಬಿಟ್ಟಿದ್ದವು. ಒಂದೇ ಮುಖ, ನಡುವೆ ಗಡಿಗೋಡೆಯ ಹಾಗೆ ಒಂದು ಮೂಗು, ಆಚೆಗೊಂದು ಈಚೆಗೊಂದು ಪಾಲಾದ ಅಣ್ಣತಮ್ಮಂದಿರ ಹಾಗೆ ಕೂತು, ಎಡಗಣ್ಣು ಹೌದು ಅಂದದ್ದನ್ನು ಬಲಗಣ್ಣು ಅಲ್ಲ ಅನ್ನುತ್ತಿತ್ತು. ನೀವು ನಂಬುವುದಿಲ್ಲ ಅಂತ ಗೊತ್ತು. ಬಿಡಿ, ನಾನೂ ನಂಬಿರಲಿಲ್ಲ. ನಂಬದೇ ಇರುವುದಕ್ಕೆ ನನ್ನ ಬಳಿ ಚೌಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟೂ ಇತ್ತು. ಕಣ್ಣು ಪರೀಕ್ಷೆಯ ಡಿಪ್ಲೊಮಾ ಮಾಡಿ ಬೀದರ್‌ನಲ್ಲಿ ಚಷ್ಮಾದ ಅಂಗಡಿ ಇಟ್ಟವಳು ನಾನು. ಜಗತ್ತಿನ ಕಣ್ಣುಗಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದ್ದೀತು ಎಂಬ ಜಂಬ ಆ ಚೌಕಟ್ಟಿನೊಳಗೇ ಇತ್ತು.

ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ಭಾಲ್ಕಿಯಲ್ಲಿ, ಸ್ಟೇಷನ್ನಿಗೆ ಹೋಗುವ ಹಾದಿಯಲ್ಲಿ, ಅವರದು ಬಟ್ಟೆ ಹೊಲಿಯುವ ಅಂಗಡಿ. ಕೊರಳಲ್ಲಿ ಸದಾ ಒಂದು ಟೇಪು ನೇತಾಡುತ್ತಿತ್ತು. ಆದರೆ ಅದು ಯಾರದಾದರೂ ಮೈಗೆ ತಾಗಿದ್ದನ್ನು ಕಂಡವರು ಭಾಲ್ಕಿಯಲ್ಲಿ ಇಲ್ಲ.

"ಟೇಪ್ ಗಿರಾಕಿ ಸಮಾಧಾನಕ್ಕ ನಮ್ಮವ್ವ," ಎನ್ನುತ್ತಿದ್ದರು ನನಗೆ. "ಮಾಪು ಇರೋದು ಕಣ್ಣಾಗ."

ಗಿರಾಕಿ ಹೊಸ್ತಿಲು ದಾಟಿ ಒಳಗೆ ಕಾಲಿಡುವುದರೊಳಗೆ ಅವನ ಎದೆ, ತೋಳು, ಬೆನ್ನು, ಕುತ್ತಿಗೆ ಎಲ್ಲ ಮಾಮಾನ ತಲೆಯಲ್ಲಿ ದಾಖಲಾಗಿರುತ್ತಿದ್ದವು. ಕೇಳುತ್ತಿದ್ದ ಪ್ರಶ್ನೆ ಒಂದೇ: "ಊಟ ಆಗ್ಯದೇನ್ರಿ?" ಆಗಿದ್ದರೆ ಹೊಟ್ಟೆಯ ಬಳಿ ಅರ್ಧ ಇಂಚು ಕಳೆಯುತ್ತಿದ್ದರು, ಆಗಿಲ್ಲದಿದ್ದರೆ ಅರ್ಧ ಇಂಚು ಕೂಡಿಸುತ್ತಿದ್ದರು. ಮದುವೆ ಊಟ ಮುಗಿಸಿ ನೇರ ಬಂದವರಿಗೆ ಮಾತ್ರ "ನಾಳಿಗಿ ಬರ್ರಿ, ಇವತ್ತ ನಿಮ್ಮ ಖರೇ ಅಳತಿ ಸಿಗಂಗಿಲ್ಲ" ಎಂದು ವಾಪಸು ಕಳಿಸುತ್ತಿದ್ದರು.

ಒಮ್ಮೆ ಬೀದರ್‌ನ ಹಳೆಯ ಮುಸ್ಲಿಂ ಮನೆತನವೊಂದು ಮದುಮಗನ ಶೇರ್ವಾನಿ ಹೊಲಿಯಲು ಬಟ್ಟೆ ತಂದುಕೊಟ್ಟಿತು. ಮದುಮಗನಿಗೆ ನೌಕರಿಯಲ್ಲಿ ರಜೆ ಸಿಕ್ಕಿಲ್ಲ, ಅಳತೆಗೆ ಬರುವುದಿಲ್ಲ. ಹಳೆಯ ಅಂಗಿಯನ್ನಾದರೂ ಕಳಿಸುತ್ತೇವೆ ಅಂದರು. ಮಾಮಾ ಬೇಡ ಅಂದರು. "ಹೋದ ವರ್ಷ ಬಸ್ ಸ್ಟ್ಯಾಂಡಿನಾಗ ನಿಂತು ಪ್ಯಾರಲಹಣ್ಣ ತಿನ್ಲತ್ತಿದ್ದ. ಬಸ್ಸಿನ ಖಿಡಕಿದಾಗಿಂದ ನೋಡೀನಿ, ಸಾಕು." ಮದುವೆಯ ದಿನ ಹುಡುಗನ ಅಜ್ಜಿ ಶೇರ್ವಾನಿಯನ್ನು ಹೆಗಲು, ಬಗಲು, ಕಾಲರು ಎಲ್ಲ ಕಡೆ ಹಿಡಿದು ಎಳೆದು ನೋಡಿದರಂತೆ. ಎಲ್ಲೂ ಒಂದು ಸುಕ್ಕು ಸಿಗದೆ, "ದರ್ಜಿ ನೈ ಬಾವಾ, ಜಾದೂಗರ್ ಹೈ" ಅಂದರಂತೆ. ಆ ಪೇರಲಹಣ್ಣಿನ ಲೆಕ್ಕವನ್ನೂ ಮಾಮಾ ಹೊಟ್ಟೆಯ ಬಳಿ ಹಿಡಿದಿದ್ದರೋ ಏನೋ, ನಾನು ಕೇಳಲಿಲ್ಲ.

ಈ ಕಣ್ಣಳತೆ ಬಟ್ಟೆಗೆ ಮಾತ್ರ ಇದ್ದಿದ್ದರೆ ಚಿಂತೆಯಿರಲಿಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಹುಡುಗ ಐದು ಅಡಿ ಆರು ಇಂಚು ಎಂದು ಅವನ ಕಾಕಾ ಹೇಳಿದರು. ಮಾಮಾ ಮೂಲೆಯ ಖುರ್ಚಿಯಿಂದಲೇ, ಬಹಳ ವಿನಯದಿಂದ, "ಬಾಗಿಲಾಚಿ ಐದು ಆರೇ ಇದ್ರು ನೋಡ್ರಿ, ಬಾಗಿಲೀಚಿ ಬಂದ ಮ್ಯಾಲ ಐದು ನಾಕೂವರಿ ಆಗ್ಯಾರ. ಬಾಕಿ ಒಂದೂವರಿ ಇಂಚ್ ಹೊರಗ ಚಪ್ಪಲಿ ಬಿಡೋ ಜಾಗದಾಗ ಕುಂತದ" ಅಂದರು. ನನ್ನ ತಾಯಿ ಹಣೆ ಹಣೆ ಬಡಿದುಕೊಂಡಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಹುಡುಗನೇ. ಬೂಟಿನೊಳಗಿನ ಎತ್ತರವನ್ನು ಕಳೆದುಕೊಂಡೂ ನಗುವವನು ಸಂಸಾರಕ್ಕೆ ಆದಾನು ಎಂದು ನಾನು ಒಪ್ಪಿಕೊಂಡೆ. ಇವತ್ತಿಗೂ ನಮ್ಮ ಯಜಮಾನರು ಮಾಮಾನ ಎದುರು ಚಪ್ಪಲಿ ಬಿಟ್ಟೇ ನಿಲ್ಲುತ್ತಾರೆ.

ಇಷ್ಟೆಲ್ಲ ಅಳೆಯುತ್ತಿದ್ದದ್ದು ಎಂಥ ಕಣ್ಣಿಂದ ಅಂತೀರಿ? ಸೋಡಾ ಬಾಟಲಿಯ ತಳದಂಥ ಚಷ್ಮಾದ ಹಿಂದಿನಿಂದ! ಸಾಲಿಗೆ ಹೋಗುವ ಕಾಲದಿಂದ ಮಾಮಾನಿಗೆ ದೂರದ್ದು ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಮೈನಸ್ ಏಳು. ಅಂಥ ಗಾಜು ಎದುರಿನದನ್ನು ಸ್ಪಷ್ಟ ಮಾಡುವುದರ ಜೊತೆಗೆ ಸ್ವಲ್ಪ ಸಣ್ಣದೂ ಮಾಡಿ ತೋರಿಸುತ್ತದೆ. ಆದರೆ ಎರಡಕ್ಕೂ ಒಂದೇ ನಂಬರು, ಆದ್ದರಿಂದ ಎರಡೂ ಕಣ್ಣಿಗೆ ಸಣ್ಣದಾಗುವುದೂ ಸರಿಸಮ. ಮಾಮಾನ ಪಾಲಿಗೆ ಜಗತ್ತು ಇದ್ದದ್ದೇ ಆ ಅಳತೆಯಲ್ಲಿ, ಅವರ ಕತ್ತರಿ ಪಳಗಿದ್ದೂ ಆ ಅಳತೆಗೇ.

ಹೀಗಿರುವಾಗ ಬಲಗಣ್ಣಿಗೆ ಪೊರೆ ಬಂತು. ಬೀದರ್‌ನಲ್ಲಿ ಆಪರೇಷನ್ ಆಯಿತು, ಕಣ್ಣೊಳಗೇ ಹೊಸ ಲೆನ್ಸ್ ಕೂಡಿಸಿದರು, ಬಲಗಣ್ಣಿನ ಮೈನಸ್ ಏಳು ಹೇಳಹೆಸರಿಲ್ಲದೆ ಹೋಯಿತು. ಎಡಗಣ್ಣಿನ ಪೊರೆ ಇನ್ನೂ ಎಳೆಯದು, ಕೆಲವು ತಿಂಗಳ ನಂತರ ಬನ್ನಿ, ಅದನ್ನೂ ಮಾಡೋಣ ಅಂದರು ಡಾಕ್ಟರು. ಅಲ್ಲಿಯತನಕ ಇರಲಿ ಎಂದು ನಾನೇ ಹೊಸ ಚಷ್ಮಾ ಮಾಡಿಕೊಟ್ಟೆ. ಬಲಕ್ಕೆ ಬರೀ ಗಾಜು, ಎಡಕ್ಕೆ ಹಳೆಯ ಮೈನಸ್ ಏಳು. ಕಾಗದದ ಮೇಲೆ ಒಂದು ತಪ್ಪಿರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಮಾಮಾ ಮೊಟ್ಟಮೊದಲು ನೋಡಿದ್ದು ತಮ್ಮ ಹೆಂಡತಿಯನ್ನು, ಅಂದರೆ ನಮ್ಮ ಅತ್ತೆಯನ್ನು. ನೋಡಿದವರೇ, "ನೀ ಯಾವಾಗ ಇಷ್ಟ್ ದಪ್ಪ ಆದಿ?" ಅಂದರು.

"ಆಪರೇಷನ್ ಕಣ್ಣಿಂದು ಮಾಡ್ಯಾರೋ ಬುದ್ಧಿದೋ?" ಅಂದರು ಅತ್ತೆ. ಎಂಟು ದಿನ ರೊಟ್ಟಿ ಬಡಿದು ಬಡಿಸಿದರೇ ಹೊರತು ಮಾತಾಡಲಿಲ್ಲ.

ಆಮೇಲೆ ಮಾಮಾ ಒಂದು ಉಪಾಯ ಕಂಡುಕೊಂಡರು. ಊಟಕ್ಕೆ ಕೂತಾಗ ಎಡಗಣ್ಣು ಮುಚ್ಚುವುದು, ರೊಟ್ಟಿ ದೊಡ್ಡದಾಗುತ್ತದೆ. ಅತ್ತೆ ಜಗಳಕ್ಕೆ ನಿಂತಾಗ ಬಲಗಣ್ಣು ಮುಚ್ಚುವುದು, ಅತ್ತೆ ಸಣ್ಣಗಾಗುತ್ತಾರೆ. "ಎಡಗಣ್ಣಿನಾಗ ನೋಡಿದ್ರ ನಿಮ್ಮತ್ತಿ ಲಗ್ನದಾಗ ಇದ್ದಂಗೇ ಅದಾಳ" ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ಅತ್ತೆಗೆ ಅದು ಕೇಳಿಸಿತು. ಅವತ್ತು ಸಂಜೆ ತಾಟಿನಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಬಿತ್ತು.

ಇದೆಲ್ಲ ಮನೆಯೊಳಗಿನ ತಮಾಷೆ. ಅಂಗಡಿಯಲ್ಲಿ ಕಥೆ ಬೇರೆ ಇತ್ತು. ಬಟ್ಟೆ ಕತ್ತರಿಸುವ ಮೇಜು ಒಂದು ಕಡೆ ಇಳಿದಿದೆ ಎಂದು ಮಾಮಾ ಅದರ ಎಡಗಾಲಿನ ಕೆಳಗೆ ರಟ್ಟು ಇಡತೊಡಗಿದರು. ಒಂದು ರಟ್ಟು, ಎರಡು ರಟ್ಟು, ಕೊನೆಗೆ ಅರ್ಧ ಇಟ್ಟಿಗೆ. ಮೇಜಿನ ಮೇಲಿಟ್ಟ ರೀಲುಗಳೆಲ್ಲ ಉರುಳಿ ರಸ್ತೆ ಸೇರಿದವು. ಸಂಜೆ ಅತ್ತೆ ಇಟ್ಟಿಗೆ ತೆಗೆಯುವುದು, ಬೆಳಿಗ್ಗೆ ಮಾಮಾ ಇಡುವುದು. ಕೊನೆಗೆ ಬಡಿಗನನ್ನು ಕರೆಸಿದರು. ಅವನು ಇಟ್ಟಿಗೆ ತೆಗೆದು ಮೇಜಿನ ಮೇಲೆ ರಸಮಟ್ಟ ಇಟ್ಟ. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ಅಲುಗದೆ ನಟ್ಟನಡುವೆ ನಿಂತಿತು.

"ಮೇಜು ಬರಾಬರ್ ಅದರಿ."

"ನಿನ್ನ ರಸಮಟ್ಟ ಸುಳ್ಳ ಹೇಳ್ಲತ್ತದ," ಅಂದರು ಮಾಮಾ.

ಬಡಿಗ ಆ ಮಾತನ್ನು ಊರೆಲ್ಲ ಹಂಚಿದ. ರಸಮಟ್ಟವನ್ನೇ ಸುಳ್ಳುಗಾರ ಅಂದ ದರ್ಜಿ ಎಂದು ಮಾಮಾನಿಗೆ ಹೊಸ ಹೆಸರು ಬಂತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವಾಗ, ಐವತ್ತು ವರ್ಷ ಅದೇ ಮೇಜಿನ ಮೇಲೆ ಬಟ್ಟೆ ಕತ್ತರಿಸಿದ ಮನುಷ್ಯನಿಗೆ ಈಗ ಯಾಕೆ ಅದು ಇಳಿದಂತೆ ಕಾಣುತ್ತಿದೆ ಎಂದು ಒಂದು ಸಲವಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಮಾಮಾ ನನ್ನ ಅಂಗಡಿಗೆ ಬರತೊಡಗಿದರು. ಬೆಳಗಿನ ಬಸ್ಸು ಹತ್ತಿ ಭಾಲ್ಕಿಯಿಂದ ಬೀದರ್‌ಗೆ, ಕೈಯಲ್ಲಿ ನನಗಾಗಿ ಹುರಿದ ಶೇಂಗಾದ ಪೊಟ್ಟಣ. ಪ್ರತಿ ಸಲ ಅದೇ ಮಾತು:

"ನಮ್ಮವ್ವ, ಒಂದ ಕಣ್ಣಾಗ ದೊಡ್ಡದ ಕಾಣ್ಲತ್ತದ, ಒಂದ ಕಣ್ಣಾಗ ಸಣ್ಣದ. ಎರಡೂ ತೆರದ್ರ ಒಂದು ಅಂಗಿ ಮ್ಯಾಲ ಇನ್ನೊಂದು ಅಂಗಿ ಹಾಕ್ದಂಗ."

ನಾನು ಖುರ್ಚಿಯಲ್ಲಿ ಕೂಡಿಸಿ ಅಕ್ಷರಗಳ ಫಲಕ ಓದಿಸುತ್ತಿದ್ದೆ. ಬಲಗಣ್ಣು ಕಟ್ಟಕಡೆಯ ಸಾಲಿನವರೆಗೆ ಓದುತ್ತಿತ್ತು. ಎಡಗಣ್ಣೂ ಹೆಚ್ಚುಕಡಿಮೆ ಅಲ್ಲಿಯವರೆಗೆ ಬರುತ್ತಿತ್ತು.

"ಎಲ್ಲಾ ಬರಾಬರ್ ಅದ ಮಾಮಾ. ಮತ್ತೇನು ಬೇಕು?"

"ನಾ ಏನು ಅಕ್ಷರ ಓದ್ಲಿಕ್ಕ ಬಂದೀನೇನು? ನನಗ ಅಂಗಿ ಹೊಲೀಬೇಕಾಗ್ಯದ."

ಒಂದು ಸಲ ಔರಾದ್ ಕಡೆಯ ಒಬ್ಬ ಮಾಸ್ತರರು ಚಷ್ಮಾ ಒಯ್ಯಲು ಬಂದಿದ್ದರು. "ಹಿರಿಯಾರ, ಒಂದು ಕಣ್ಣು ಮುಚ್ಕೊಂಡು ಕೆಲ್ಸ ಮಾಡ್ರಿ," ಎಂದು ಸಲಹೆ ಕೊಟ್ಟರು.

"ಯಾವ್ದು ಮುಚ್ಚಲ್ರಿ ಸರ? ಖರೇ ಹೇಳೋದು ಯಾವ್ದಂತ ಗೊತ್ತಾದ್ರ, ಸುಳ್ಳ ಹೇಳೋದನ್ನ ಮುಚ್ಚಬಹುದು."

ಮಾಸ್ತರರು ತಮ್ಮ ಚಷ್ಮಾ ಜೇಬಿಗಿಟ್ಟುಕೊಂಡು ಎದ್ದು ಹೋದರು. ನನ್ನ ಬಳಿ ಮಾತ್ರ ಯಾವಾಗಲೂ ಒಂದು ಉತ್ತರ ತಯಾರಿರುತ್ತಿತ್ತು. ನಮ್ಮ ಧಂದೆಯ ಎಲ್ಲರ ಬಾಯಲ್ಲೂ ಇರುವ ಮಾತು ಅದು: ರೂಢಿ ಆಗ್ತದ. ಹೊಸ ಚಷ್ಮಾ ಹಾಕಿ ತಲೆ ನೋಯುತ್ತದೆ ಅಂದವರಿಗೆ, ಮೆಟ್ಟಿಲು ಮೇಲೆ ಬಂದಂತಾಗುತ್ತದೆ ಅಂದವರಿಗೆ, ಎಲ್ಲರಿಗೂ ಅದೇ ಗುಳಿಗೆ. ಕಾಲು ಕಚ್ಚುವ ಚಪ್ಪಲಿ ಮಾರುವವನೂ ಅದನ್ನೇ ಹೇಳುತ್ತಾನೆ. ನೂರರಲ್ಲಿ ಬಹಳ ಜನಕ್ಕೆ ರೂಢಿ ಆಗಿಯೂ ಬಿಡುತ್ತದೆ, ಅದಕ್ಕೇ ನಮ್ಮ ಮಾನ ಉಳಿದಿದೆ. ಮಾಮಾನಿಗೂ ಹತ್ತು ಸಲ ಹೇಳಿದೆ.

ಹನ್ನೊಂದನೇ ಸಲ ಬಂದ ದಿನ ಸಂತೆಯಿತ್ತೋ ಏನೋ, ಅಂಗಡಿ ತುಂಬಿತ್ತು. ಮಾಮಾ ಬಾಗಿಲಲ್ಲೇ ಶುರು ಮಾಡಿದರು. ಕೂತಿದ್ದ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ರೇಗಿತು. ರೇಗಿದಾಗ ನನಗೆ ಬುದ್ಧಿ ಬಹಳ ಓಡುತ್ತದೆ. "ಕೊಡ್ರಿ ಇಲ್ಲಿ, ಹೊಸಾ ಗಾಜು ಬಂದಾವ, ಹಾಕ್ಕೊಡ್ತೀನಿ," ಎಂದು ಚಷ್ಮಾ ಇಸಿದುಕೊಂಡು ಪರದೆಯ ಹಿಂದೆ ಹೋದೆ. ಮಷೀನು ಒಂದು ಸಲ ಗುರ್ ಅನ್ನಿಸಿದೆ. ಅದೇ ಚಷ್ಮಾವನ್ನು, ಅದೇ ಗಾಜನ್ನು, ಚೆನ್ನಾಗಿ ಒರೆಸಿದೆ. ನೂರು ಎಣಿಸಿದೆ. ಹೊರಗೆ ಬಂದು ಮಾಮಾನ ಮೂಗಿನ ಮೇಲೆ ಕೂಡಿಸಿದೆ.

"ಈಗ ಹ್ಯಾಂಗ ಅದ?"

ಮಾಮಾ ಗೋಡೆ ನೋಡಿದರು. ಸಾಲಾಗಿ ಕೂತಿದ್ದ ಗಿರಾಕಿಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಈಗ ಚಲೋ ಅದ ನೋಡು," ಅಂದರು.

ಆಹಾ, ಎಂಥ ಕಥೆ ಸಿಕ್ಕಿತು ನನಗೆ! ಮುಂದಿನ ಎರಡೂವರೆ ವರ್ಷ ನಮ್ಮ ಬಳಗದಲ್ಲಿ ಆದ ಒಂದು ಮದುವೆಯನ್ನೂ, ಒಂದು ತೊಟ್ಟಿಲನ್ನೂ ಬಿಡದೆ ಈ ಕಥೆ ಹೇಳಿದೆ. ಪರದೆಯ ಹಿಂದೆ ನೂರು ಎಣಿಸುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ. "ರೋಗ ಕಣ್ಣಿಂದಲ್ಲ, ಮನಸ್ಸಿಂದು" ಎಂದು ಮುಗಿಸಿದರೆ ಪಂಕ್ತಿಯಲ್ಲಿ ಕೂತವರು ನಕ್ಕು ನಕ್ಕು ಸಾರು ಚೆಲ್ಲಿಕೊಳ್ಳುತ್ತಿದ್ದರು. ಒಂದು ಸಲ ಅದೇ ಪಂಕ್ತಿಯಲ್ಲಿ ಮಾಮಾನೂ ಕೂತಿದ್ದರು. ಅವರೂ ನಕ್ಕರು.

ಅವತ್ತಿನ ನಂತರ ಅವರು ಚಷ್ಮಾದ ಸುದ್ದಿ ಎತ್ತಿಕೊಂಡು ಬೀದರ್‌ಗೆ ಬರಲೇ ಇಲ್ಲ. ಕೆಲವು ತಿಂಗಳ ನಂತರ ಬರಹೇಳಿದ್ದ ಡಾಕ್ಟರ ಬಳಿಗೂ ಹೋಗಲಿಲ್ಲ. ಅತ್ತೆ ನೆನಪು ಮಾಡಿದರೆ, "ಎರಡೂ ಕಣ್ಣು ಸರಿ ಅವ ಅಂತ ನಮ್ಮ ತಂಗಿ ಮಗಳು ಹೇಳ್ಯಾಳ. ಮತ್ತ ಯಾಕ ಕೊಯ್ಸಿಕೊಳ್ಳೋದು?" ಅಂದರಂತೆ.

ಆಮೇಲೆ ಔರಾದ್‌ನ ಮದುವೆ ಬಂತು. ಮೂರು ತಲೆಮಾರಿನಿಂದ ಮಾಮಾನ ಬಳಿಯೇ ಹೊಲಿಸುತ್ತಿದ್ದ ಮನೆ ಅದು. ಮದುಮಗನ ಕೋಟು ಹೊಲಿದರು, ಎಂದಿನ ಹಾಗೆ ಕಣ್ಣಳತೆಯಲ್ಲಿ. ಮದುವೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಹುಡುಗ ಕೋಟು ಹಾಕಿಕೊಂಡು ಬಂದ. ಒಂದು ಹೆಗಲು ಮೇಲೆ, ಒಂದು ಕೆಳಗೆ. ಒಂದು ತೋಳು ಬೆರಳು ಮುಚ್ಚಿತ್ತು. ಆ ಮನೆಯ ಹಿರಿಯರು ದೊಡ್ಡ ಮನುಷ್ಯರು. ಒಂದು ಮಾತು ಆಡದೆ ಹುಡುಗನ ಮೇಲೆ ಶಾಲು ಹೊದಿಸಿ ಮೆರವಣಿಗೆ ಮುಗಿಸಿದರು. ಬೈದಿದ್ದರೆ ಮಾಮಾ ಅಂಗಡಿ ಉಳಿಸಿಕೊಳ್ಳುತ್ತಿದ್ದರೋ ಏನೋ. ಮರುದಿನ ಅಂಗಡಿ ತೆರೆಯಲಿಲ್ಲ. "ತನ್ನ ಕಣ್ಣಿನ ಮ್ಯಾಲ ತನಗೇ ಭರೋಸಾ ಇಲ್ದಂವ ಕತ್ತರಿ ಹಿಡೀಬಾರ್ದು" ಅಂದರಂತೆ. ಹೊಲಿಗೆ ಮಷೀನನ್ನು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕಡೆ ಕೊಟ್ಟುಬಿಟ್ಟರು. ವಯಸ್ಸಾಯಿತು, ಒಳ್ಳೆಯದೇ ಆಯಿತು ಎಂದು ನಾವೆಲ್ಲ ಮಾತಾಡಿಕೊಂಡೆವು. ನಾನಂತೂ ನನ್ನ ಕಥೆಗೆ ಅದನ್ನೂ ಒಂದು ಬಾಲವಾಗಿ ಸೇರಿಸಿದೆ.

ಹೋದ ವರ್ಷ ಹೈದರಾಬಾದಿನಲ್ಲಿ ಚಷ್ಮಾದಂಗಡಿಯವರಿಗೆ ಎರಡು ದಿನದ ತರಬೇತಿ ಇತ್ತು. ಕಲಿಸುವ ಹೆಣ್ಣುಮಗಳು ನಮಗೆಲ್ಲ ಒಂದೊಂದು ಚೌಕಟ್ಟು ಕೊಟ್ಟಳು. ಒಂದು ಕಣ್ಣಿಗೆ ಬರೀ ಗಾಜು, ಇನ್ನೊಂದಕ್ಕೆ ದಪ್ಪ ಗಾಜು. ಎರಡರಲ್ಲೂ ನಂಬರು ಇಲ್ಲ, ದಪ್ಪ ಗಾಜು ಎದುರಿನದನ್ನು ಚೂರು ದೊಡ್ಡದು ಮಾಡುತ್ತದೆ, ಅಷ್ಟೇ. "ಹಾಕ್ಕೊಂಡು ನಡೀರಿ," ಅಂದಳು.

ಹಾಕಿಕೊಂಡೆ. ಅಕ್ಷರಗಳೆಲ್ಲ ಸ್ಪಷ್ಟವಾಗಿದ್ದವು. ಒಂದು ಹೆಜ್ಜೆ ಇಟ್ಟೆ. ನೆಲ ಒಂದು ಕಡೆ ಎದ್ದು ನಿಂತಿತು. ಎದುರಿನ ಮೇಜು ಇಳಿಜಾರಾಯಿತು. ಅದರ ಮೇಲಿನ ನೀರಿನ ಲೋಟ ಈಗ ಜಾರುತ್ತದೆ ಎಂದು ಹಿಡಿಯಲು ಹೋಗಿ ನಾನೇ ಲೋಟ ಕೆಡವಿದೆ. ಎಲ್ಲರೂ ನಕ್ಕರು. ನಾನು ಮಾತ್ರ ಮೇಜಿನ ಕಾಲು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಗಾಜಿನ ವ್ಯತ್ಯಾಸ ಬಹಳ ಸ್ವಲ್ಪ. ಮಾಮಾನದು ಅದರ ಎರಡರಷ್ಟಕ್ಕಿಂತ ಹೆಚ್ಚು. ನಾನು ಹಾಕಿಕೊಂಡದ್ದು ಎರಡು ನಿಮಿಷ. ಅವರು ಮೂರು ವರ್ಷ.

ಇದಕ್ಕೆ ಪುಸ್ತಕದಲ್ಲಿ ಅನೈಸೈಕೋನಿಯಾ ಎಂದು ಹೆಸರಿದೆ. ಎರಡು ಕಣ್ಣಿಗೂ ಒಂದೇ ವಸ್ತು ಬೇರೆ ಬೇರೆ ಗಾತ್ರದಲ್ಲಿ ಕಾಣುವುದು. ಒಂದೂವರೆ ಪುಟದ ಪಾಠ. ಪರೀಕ್ಷೆಗೆ ಬರುವುದಿಲ್ಲ ಎಂದು ಸೀನಿಯರ್ ಒಬ್ಬಳು ಹೇಳಿದ್ದಕ್ಕೆ ನಾನು ಪುಟ ಮಗುಚಿದ್ದೆ. ನಿಜ, ಪರೀಕ್ಷೆಗೆ ಬರಲಿಲ್ಲ. ಭಾಲ್ಕಿಯಿಂದ ಬಸ್ಸು ಹತ್ತಿಕೊಂಡು ಹನ್ನೊಂದು ಸಲ ಬಂತು.

ಊರಿಗೆ ಬಂದವಳು ಮನೆಗೂ ಹೋಗದೆ ಭಾಲ್ಕಿಗೆ ಹೋದೆ. ಮಾಮಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಒಂದು ಕಣ್ಣು ಮುಚ್ಚಿಕೊಂಡು.

"ಮಾಮಾ, ನೀವು ಹೇಳಿದ್ದು ಖರೇ ಇತ್ತು," ಅಂದೆ.

"ಯಾವ್ದು?"

"ಎಲ್ಲಾ. ದೊಡ್ಡದು, ಸಣ್ಣದು, ಮೇಜು, ಎಲ್ಲಾ ಖರೇ. ತಪ್ಪು ಗಾಜಿಂದು."

ಮುಚ್ಚಿದ್ದ ಕಣ್ಣು ತೆರೆದರು. "ಅಂದ್ರ ಮೇಜು ಸರಿ ಇತ್ತೇನು?"

"ಮೇಜೂ ಸರಿ ಇತ್ತು. ನೀವೂ ಸರಿ ಇದ್ರಿ."

"ಪಾಪ, ಆ ಬಡಿಗ್ಯಾಗ ಸುಮ್ಮನ ಬೈದೆ," ಅಂದರು.

ಎಡಗಣ್ಣಿಗೂ ಆಪರೇಷನ್ ಮಾಡಿಸಿದೆವು. ಮೈನಸ್ ಏಳು ಹೋಯಿತು, ಮೂರು ವರ್ಷದ ಮುನಿಸು ಒಂದು ಬೆಳಿಗ್ಗೆಯಲ್ಲಿ ಮುಗಿದು ಎರಡು ಕಣ್ಣುಗಳು ರಾಜಿಯಾದವು. ಪಟ್ಟಿ ಬಿಚ್ಚಿದಾಗ ಎರಡೂ ಕಣ್ಣು ತೆರೆದು ಅತ್ತೆಯನ್ನು ನೋಡಿ, "ಎರಡಕ್ಕೂ ದಪ್ಪೇ ಕಾಣ್ತಿ," ಅಂದರು. ಅತ್ತೆ ಈ ಸಲ ಸಿಟ್ಟಾಗಲಿಲ್ಲ. ಸೆರಗು ಬಾಯಿಗೆ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದರು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಒಂದು ಅಂಗಿಯ ಬಟ್ಟೆ ಒಯ್ದು ಅವರ ಮುಂದೆ ಇಟ್ಟೆ. ಮಾಮಾ ಮೊದಲ ಸಲ ಹಿಡಿಯುವವರ ಹಾಗೆ ಕತ್ತರಿ ಹಿಡಿದರು, ಇಟ್ಟರು, ಮತ್ತೆ ಹಿಡಿದರು. ಅವರ ಕಣ್ಣಳತೆ ಹಳೆಯ ಚಷ್ಮಾದ್ದು, ಎಲ್ಲವೂ ಒಂದು ಪಾಲು ಸಣ್ಣದಿದ್ದ ಜಗತ್ತಿನದು. ಈಗ ಎರಡೂ ಕಣ್ಣಿಗೆ ಎಲ್ಲ ದೊಡ್ಡದು, ಮೊದಲಿನಿಂದ ಕಲಿಯಬೇಕು. ಆಪರೇಷನ್ ಆದ ಮೊದಲ ವರ್ಷವೇ ಎರಡೂ ಮುಗಿಸಿದ್ದರೆ ಕಲಿಯುತ್ತಿದ್ದರು. ಆಗ ಕೈ ಇತ್ತು. ಈಗ ಬೆರಳು ನಡುಗುತ್ತವೆ. ಮೂರು ಕಡೆ ಕತ್ತರಿಸಿ, ಬಟ್ಟೆಯನ್ನು ಮಡಚಿ, "ಭಾಳ ಚಲೋ ಬಟ್ಟಿ ತಂದಿದ್ದಿ ನಮ್ಮವ್ವ, ಕೆಡಿಸಿದೆ," ಅಂದರು. ಕೆಡಿಸಿದ್ದು ಯಾರು ಎಂದು ನನಗೆ ಗೊತ್ತಿತ್ತು.

ಡಾಕ್ಟರ ಬಳಿ ಕೊನೆಯ ಸಲ ತೋರಿಸಿಕೊಂಡು ನನ್ನ ಅಂಗಡಿಗೆ ಬಂದ ದಿನ, ಮಧ್ಯಾಹ್ನ, ಯಾರೂ ಇರಲಿಲ್ಲ. ಅವತ್ತು ಹೇಳಿಬಿಟ್ಟೆ. "ಮಾಮಾ, ಅವತ್ತ ನಾ ಗಾಜು ಬದಲಿ ಮಾಡಿರ್ಲಿಲ್ಲ. ಅದನ್ನೇ ಒರಸಿ ಕೊಟ್ಟಿದ್ದೆ."

"ಗೊತ್ತದ," ಅಂದರು.

"ಮಂದಿ ಮುಂದ ಹೇಳ್ತಿದ್ದೆನಲ್ಲ, ಅವಾಗ ಗೊತ್ತಾಯ್ತೇನು?"

"ಅವತ್ತೇ ಗೊತ್ತಿತ್ತು. ಎಡಗಡಿ ಗಾಜಿನ ಅಂಚಿಗಿ ಒಂದು ಗೀರಿತ್ತು, ನನ್ನ ಕತ್ತರಿ ತಾಗಿದ್ದು. ನೀ ಒಳಗ ಹೋಗಿ ಬಂದ ಮ್ಯಾಲೂ ಹಂಗೇ ಇತ್ತು."

"ಮತ್ತ ಚಲೋ ಅದ ಅಂತ ಯಾಕಂದ್ರಿ?"

ಮಾಮಾ ನನ್ನನ್ನು, ಇಷ್ಟೂ ತಿಳಿಯುವುದಿಲ್ಲವೇ ಎಂಬ ಹಾಗೆ ನೋಡಿದರು. "ಅವಾಗ ಹೊಸಾ ದುಕಾನ್ ನಿಂದು. ಆರು ಮಂದಿ ಗಿರಾಕಿ ಕುಂತಿದ್ರು. ಸ್ವಂತ ಮಾಮಾಗೇ ಈಕಿ ಚಷ್ಮಾ ಸರಿ ಆಗ್ಲಿಲ್ಲ ಅಂತಂದ್ರ ಅವ್ರು ಎದ್ದು ಹೋಗ್ತಿದ್ರು. ಗಿರಾಕಿ ಎದುರು ಒಬ್ಬರ ಕೆಲಸಕ್ಕ ಕುಂದ ಹೇಳಬಾರ್ದು ಅನ್ನೋದು ದರ್ಜಿಗಿ ಗೊತ್ತಿರಲ್ಲೇನು?"

ನಾನು ಕಲಿತವಳು ಒಂದು ಪುಟ ಓದಲಿಲ್ಲ. ಅವರು ನನ್ನ ಅಂಗಡಿಯ ಮಾನ ಕಾಯಲು ಹೋಗಿ ತಮ್ಮ ಅಂಗಡಿಯನ್ನೇ ಮುಚ್ಚಿಕೊಂಡರು. "ತಪ್ಪಾಯ್ತು ಮಾಮಾ," ಎಂದೆ. ಅವರು ಬಾಗಿಲ ಕಡೆ ನೋಡಿದರು. ಹೊರಗೆ ಯಾರೋ ಚಪ್ಪಲಿ ಬಿಡುತ್ತಿದ್ದರು.

"ಗಿರಾಕಿ ಬರ್ಲತ್ತಾರ," ಎಂದು ಮೆಲ್ಲಗೆ ಹೇಳಿದರು ಮಾಮಾ. "ಕಣ್ಣೀರು ಒರಸ್ಕೋ ನಮ್ಮವ್ವ."